ಮಾಳಿಗೆಯ ಪದವೂ ಗಿಟಾರಿನ ನಾದವೂ

ಹೊಸ ಕಾಲದ ಹಾಡುಗಾರರ ತಂಡವೊಂದರ ಮೊದಲ ಧ್ವನಿಮುದ್ರಿಕೆಯು ಕನ್ನಡ ಅಧ್ಯಾಪಕನ ಭಾಷಣಕ್ಕೆ ವಸ್ತುವಾಗುವುದು ಹೇಗೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ವಿದ್ಯುತ್ ಗಿಟಾರು, ಡ್ರಮ್ಮು, ಕಿವಿಗಡಚಿಕ್ಕುವ ಧ್ವನಿ, ಇವುಗಳಿಗೂ ನಮ್ಮ ಸಾಹಿತ್ಯಕ್ಕೂ ಎತ್ತಣ ನಂಟು? ನಂಟು ಉಂಟು. 2008ರಲ್ಲಿ ಹೊರಬಂದ ರಘು ದೀಕ್ಷಿತರ ತಂಡದ ಮೊದಲ ಮುದ್ರಿಕೆಯಲ್ಲಿ ಶಿಶುನಾಳ ಷರೀಫರ ಎರಡು ತತ್ತ್ವಪದಗಳಿವೆ. ಹಳೆಯ ಪದವು ಹೊಸ ವಾದ್ಯದ ಕೈಗೆ ಸಿಕ್ಕಾಗ ಉಳಿಯುವುದೇನು, ಕಳೆಯುವುದೇನು ಎಂಬುದನ್ನು ಅವುಗಳ ನೆಪದಿಂದ ವಿಚಾರ ಮಾಡೋಣ.

ಕಂಪನಿಯೊಂದು ಹೊರತರುವ ಮೊದಲ ಮುದ್ರಿಕೆಯೆಂಬುದು ಯಾವ ತಂಡಕ್ಕಾದರೂ ಅಗ್ನಿಪರೀಕ್ಷೆಯೇ ಸರಿ. ಗಿಟಾರಿನ ಆರ್ಭಟಕ್ಕೆ ರ‍್ಯಾಪ್ ಎಂಬ ಮಾತಿನ ಲಯವನ್ನು ಬೆಸೆದ ‘ನ್ಯೂ ಮೆಟಲ್’ ಪಂಥದಲ್ಲಿ ಅಮೆರಿಕದ ಲಿಂಕಿನ್ ಪಾರ್ಕ್ ತಂಡ 2000ದಲ್ಲಿ ವಾರ್ನರ್ ಬ್ರದರ್ಸ್ ಮೂಲಕ ಹೊರತಂದ ‘ಹೈಬ್ರಿಡ್ ಥಿಯರಿ’ ಕೋಟಿಗಟ್ಟಲೆ ಮಾರಾಟವಾಯಿತು. ಬಸವನಗುಡಿ, ಮಲ್ಲೇಶ್ವರಗಳ ತರುಣರೂ ಇಂಥ ಹಾಡುಗಳನ್ನು ಮನಸಾರೆ ಕೇಳಿದವರೇ. ಆದರೆ ನಮ್ಮ ಕಡೆಯ ತಂಡಕ್ಕೆ ಇನ್ನೊಂದು ತೊಡಕಿದೆ. ಯಾವ ಭಾಷೆಯಲ್ಲಿ ಹಾಡಬೇಕು? ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರವನ್ನೂ ಭರತನಾಟ್ಯವನ್ನೂ ಅಭ್ಯಾಸಮಾಡಿ, ಬೆಂಗಳೂರಿಗೆ ಬಂದು ನೆಲೆಸಿದ ದೀಕ್ಷಿತರ ಮುದ್ರಿಕೆಯನ್ನು ಹೊರತಂದವರು ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. ಅದರಲ್ಲಿ ಹಿಂದಿಯೂ ಉಂಟು, ಇಂಗ್ಲಿಷೂ ಉಂಟು. ಅವುಗಳ ಪಕ್ಕದಲ್ಲಿ ಕನ್ನಡ ಉಳಿಯಿತು; ಅದೂ ಸುಲಭವಾಗಿ ಬಿಕರಿಯಾಗುವ ಪ್ರೇಮಗೀತೆಯಾಗಿ ಅಲ್ಲ, ಧಾರವಾಡ ಸೀಮೆಯ ಆಡುನುಡಿಯ ಅನುಭಾವವಾಗಿ. ಈ ಧೈರ್ಯವನ್ನು ನಾವು ಮೊದಲು ಮೆಚ್ಚಬೇಕು.

“ಷರೀಫರನ್ನು ಗಿಟಾರಿಗೆ ಕಟ್ಟುವುದೇ?” ಎಂದು ನಮ್ಮ ವಯಸ್ಸಿನ ಹಲವರು ಹುಬ್ಬುಗಂಟಿಕ್ಕುತ್ತಾರೆ. ಷರೀಫರು 1819ರಿಂದ 1889ರವರೆಗೆ ಬಾಳಿದವರು. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಭಜನೆಯ ಮೇಳದವರ ಬಾಯಲ್ಲಿ ಬದುಕಿದುವು. ನಮ್ಮ ಬೆಂಗಳೂರಿನ ಮನೆಮನೆಗೆ ಅವು ಬಂದುದು ಬಹುಮಟ್ಟಿಗೆ ಸಿ. ಅಶ್ವತ್ಥರ ಕಂಠದಿಂದ, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಿಂದ. ಸುಗಮಸಂಗೀತದ ಹಾರ್ಮೋನಿಯಂ, ತಬಲಗಳ ಜೊತೆಯಲ್ಲಿ. ಆ ಹಾರ್ಮೋನಿಯಂ ಕೂಡ ಯೂರೋಪಿನಿಂದ ಬಂದ ಅತಿಥಿಯೇ ಅಲ್ಲವೆ? ಅಶ್ವತ್ಥರು 2005ರಲ್ಲಿ ‘ಕನ್ನಡವೇ ಸತ್ಯ’ ಎಂದು ಅಪಾರ ಜನಸ್ತೋಮದೆದುರು ಹಾಡಿದ ಅರಮನೆ ಮೈದಾನದಲ್ಲೇ 2007ರಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿತು. ಮೈದಾನಕ್ಕೆ ಮಡಿಯಿಲ್ಲ, ತತ್ತ್ವಪದಕ್ಕೂ ಇಲ್ಲ. ವಾದ್ಯ ಬದಲಾದುದರಿಂದಲೇ ಪದ ಕೆಟ್ಟಿತೆಂಬ ವಾದ ನಿಲ್ಲುವುದಿಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಮುದ್ರಿಕೆಯಲ್ಲಿರುವ ಒಂದು ಪದ ಸೋರುವ ಮನೆಮಾಳಿಗೆಯನ್ನು ಕುರಿತದ್ದು. ಮಾಳಿಗೆ ಎಂದರೇನು? ಧಾರವಾಡದ ಕಡೆಯ ಹಳೆಯ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ಮಣ್ಣು ಹರಡಿ, ಬಡಿದು ಗಟ್ಟಿಮಾಡಿದ ಸಮತಟ್ಟಾದ ಚಾವಣಿ. ಮಳೆಗಾಲಕ್ಕೆ ಮುನ್ನ ಯಾರಾದರೂ ಮೇಲೆ ಹತ್ತಿ ಬಿರುಕು ಮುಚ್ಚಬೇಕು. ಉದಾಸೀನ ಮಾಡಿದರೆ ಸೋರುವುದು ನಿಶ್ಚಯ. ಈ ಕೆಲಸವನ್ನು ಬಲ್ಲವನಿಗೆ ಷರೀಫರ ಇಂಗಿತ ತಟ್ಟನೆ ಹೊಳೆಯುತ್ತದೆ: ಅಜ್ಞಾನದಿಂದ ಸೋರುತ್ತಿರುವುದು ನಮ್ಮದೇ ಬಾಳು, ಹತ್ತಿ ದುರಸ್ತಿ ಮಾಡಬೇಕಾದವರೂ ನಾವೇ. ಬಹುಮಹಡಿಯ ಕಟ್ಟಡದಲ್ಲಿ ಹುಟ್ಟಿದ ಹುಡುಗನಿಗೆ ತಲೆಯ ಮೇಲಿರುವುದು ಚಾವಣಿಯಲ್ಲ, ಮತ್ತೊಬ್ಬರ ನೆಲ. ಅವನು ಪಲ್ಲವಿಗೆ ದನಿಗೂಡಿಸುತ್ತಾನೆ, ರೂಪಕದ ಒಳಗೆ ಕಾಲಿಡಲಾರ. ಗುಡುಗುಡಿಯ ಪದದ ಗತಿಯೂ ಅದೇ. ದೇಹ, ಮನಸ್ಸುಗಳ ವಿಚಾರಕ್ಕೆ ನೆವವಾಗಿ ಬಂದ ಹುಕ್ಕವು, ಲಯದ ಉತ್ಸಾಹದಲ್ಲಿ ಬರಿಯ ಹುಕ್ಕವಾಗಿ ಉಳಿದುಬಿಡಬಹುದು.

ಇದು ಗಾಯಕರ ದೋಷವೆನ್ನಲಾಗದು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ದೀಕ್ಷಿತರನ್ನು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ಮೂಲಕ ಇಂಗ್ಲೆಂಡಿನವರು ಕಂಡರು. ಆ ಕೇಳುಗರಿಗೆ ನುಡಿ ತಿಳಿಯದೆ ನಾದವಷ್ಟೇ ದಕ್ಕಿದರೆ ಅದು ಸಹಜ. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದ ಈ ಊರಿನಲ್ಲಿಯೂ ನಾದವಷ್ಟೇ ದಕ್ಕಿದರೆ ಅದು ವಿಷಾದದ ಸಂಗತಿ. ಹಾಡುವವರು ಪದವನ್ನು ತರುಣರ ಕಿವಿಯವರೆಗೆ ತಂದುಕೊಟ್ಟಿದ್ದಾರೆ. ಅಲ್ಲಿಂದ ಮುಂದಿನದು ಮನೆಯ ಹಿರಿಯರ, ಶಾಲೆಯ ಉಪಾಧ್ಯಾಯರ ಕೆಲಸ. ಮೊಮ್ಮಗಳು ಆ ಪದವನ್ನು ಗುನುಗುತ್ತಿದ್ದರೆ “ಏನದು ಗಲಾಟೆ” ಎಂದು ಗದರದೆ, “ಮಾಳಿಗೆ ಎಂದರೇನು ಗೊತ್ತೇನಮ್ಮ?” ಎಂದು ಕೇಳಿ, ಹತ್ತಿರ ಕೂರಿಸಿಕೊಂಡು ಹೇಳಬೇಕು. ಹೇಳುವವರು ಇರುವಾಗಲೇ ಆಗಬೇಕಾದ ಕೆಲಸವಿದು.