ಕೇಳಿಸಿದ್ದು ಹುಡುಗನಿಗೆ, ತಿಳಿದದ್ದು ಮುದುಕನಿಗೆ
(ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ)



ಜುಲೈ 26ರಂದು ಧರ್ಮಸಭೆ ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಹಾಗೂ ಸಂತ ಅನ್ನಮ್ಮನವರನ್ನು ಸ್ಮರಿಸುತ್ತದೆ. ಯೇಸುಸ್ವಾಮಿಗೆ ಇವರು ಅಜ್ಜ ಅಜ್ಜಿ. ಶ್ರೀಗ್ರಂಥದಲ್ಲಿ ಇವರ ಹೆಸರಿಲ್ಲ. ಯಕೋಬನ ಹೆಸರಿನಲ್ಲಿ ಬಂದ ಎರಡನೇ ಶತಮಾನದ ಒಂದು ಬರಹದಿಂದ ಅದು ನಮಗೆ ತಿಳಿದುಬಂದಿದೆ. ಆದರೆ ಅನ್ನಮ್ಮನವರ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಪಕ್ಕದಲ್ಲಿ ಬಾಲೆ ಮರಿಯ, ಇಬ್ಬರ ನಡುವೆ ತೆರೆದ ಪುಸ್ತಕ. ಹಿರಿಯರದೊಂದು ಕೈ, ಕಿರಿಯರದೊಂದು ಕೈ, ಪುಸ್ತಕ ಮಾತ್ರ ಒಂದೇ.

ಈ ಹಬ್ಬಕ್ಕೆ ಹತ್ತಿರವಾಗುವಂತೆ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನಾಗಿ 2021ರಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸ್ ಘೋಷಿಸಿದರು. ಅಂದಿನಿಂದ ನಾವು ಅದನ್ನು ಹೇಗೆ ಆಚರಿಸುತ್ತಿದ್ದೇವೆ? ಹಿರಿಯರನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ. ಶಾಲು ಹೊದಿಸುತ್ತೇವೆ, ಹಣ್ಣು ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಮಕ್ಕಳನ್ನು ವ್ಯಾನಿನಲ್ಲಿ ವೃದ್ಧಾಶ್ರಮಕ್ಕೆ ಕರೆದೊಯ್ದು ಎರಡು ಹಾಡು ಹಾಡಿಸಿ ಬಿಸ್ಕತ್ತು ಹಂಚಿ ಸಂಜೆಯೊಳಗೆ ಹಿಂದಿರುಗುತ್ತೇವೆ. ಇದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹಿಂದಿರುಗುವ ವ್ಯಾನಿನಲ್ಲಿ ಆ ಮಕ್ಕಳನ್ನು ಕೇಳಿ ನೋಡಿ: ನೀನು ಬಿಸ್ಕತ್ತು ಕೊಟ್ಟ ಅಜ್ಜಿಯ ಹೆಸರೇನು? ಎಷ್ಟು ಮಕ್ಕಳು ಹೇಳಿಯಾರು? ಕೊಡುವವರು ಒಂದು ಕಡೆ, ಪಡೆಯುವವರು ಒಂದು ಕಡೆ ಇರುವ ತನಕ ಪರಿಚಯ ಬೆಳೆಯುವುದಿಲ್ಲ. ಒಟ್ಟಿಗೆ ಮಾಡಿ ಮುಗಿಸಬೇಕಾದ ಕೆಲಸವೊಂದು ನಡುವೆ ಇರಬೇಕು.

ಸಮುವೇಲನ ಮೊದಲನೆಯ ಗ್ರಂಥದ ಮೂರನೇ ಅಧ್ಯಾಯವನ್ನು ನೆನೆಯೋಣ. ಶಿಲೋವಿನ ದೇವಾಲಯ. ಏಲಿಯ ಕಣ್ಣು ಮಬ್ಬಾಗಿದೆ. ಬಾಲಕ ಸಮುವೇಲನಿಗೆ ರಾತ್ರಿಯಲ್ಲಿ ಯಾರೋ ಕರೆದಂತಾಗುತ್ತದೆ. ಮೂರು ಸಲವೂ ಓಡಿ ಏಲಿಯ ಬಳಿಗೇ ಹೋಗುತ್ತಾನೆ. ಗಮನಿಸಿ, ದನಿ ಕೇಳಿಸಿದ್ದು ಹುಡುಗನಿಗೆ. ಆದರೆ ಅದು ಯಾರ ದನಿಯೆಂದು ಅವನಿಗೆ ತಿಳಿಯದು. ಅದು ಸರ್ವೇಶ್ವರನ ದನಿಯೆಂದು ಗುರುತಿಸಿದ್ದು ಮುದುಕ. ಆದರೆ ಅವನಿಗೆ ಕೇಳಿಸಲಿಲ್ಲ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ರಾತ್ರಿ ಬರಿದೇ ಕಳೆದುಹೋಗುತ್ತಿತ್ತು.

ಬೆಳಗಾದ ಮೇಲೆ ಏನಾಯಿತು ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಹುಡುಗ ಕೇಳಿಸಿಕೊಂಡ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ಹೇಳಲು ಹುಡುಗನಿಗೆ ಹೆದರಿಕೆ. ಏಲಿ ಬಿಡಲಿಲ್ಲ, ಏನನ್ನೂ ಮುಚ್ಚಿಡಬೇಡ ಎಂದು ಕೇಳಿ ತಿಳಿದುಕೊಂಡ, ತಲೆಬಾಗಿದ. ಹಿರಿಯರೇ, ಕಿರಿಯರೊಡನೆ ಕೆಲಸಕ್ಕೆ ಕೂರುವುದೆಂದರೆ ಇದೂ ಸೇರಿದೆ. ಅವರು ನಮಗೆ ಹಿಡಿಸದ ಮಾತನ್ನೂ ಹೇಳಿಯಾರು.

ರೂತಳ ಕಥೆಯೂ ಇಂಥದೇ. ಹೊಲದಲ್ಲಿ ಹಕ್ಕಲಾಯುವ ಶಕ್ತಿ ಇದ್ದದ್ದು ಸೊಸೆಗೆ. ಬೋವಜನು ಯಾರು, ಬಂಧುಗಳ ಕಟ್ಟಳೆ ಏನು ಎಂಬುದು ಗೊತ್ತಿದ್ದದ್ದು ಅತ್ತೆ ನವೊಮಿಗೆ. ಎರಡೂ ಕೂಡಿದ್ದರಿಂದ ಮನೆ ಉಳಿಯಿತು.

ಪೋಪ್ ಫ್ರಾನ್ಸಿಸ್ ಇದನ್ನು ಬಾಯಿಮಾತಿಗೆ ಬಿಡಲಿಲ್ಲ. ಅನೇಕ ದೇಶಗಳ ವೃದ್ಧರನ್ನು ಸಂದರ್ಶಿಸಿ ಅವರ ಬಾಳಿನ ಅನುಭವಗಳನ್ನು ಕೂಡಿಸಿದ ಪುಸ್ತಕವೊಂದು ಅವರ ಪ್ರೇರಣೆಯಿಂದ 2018ರಲ್ಲಿ ಬಂದಿತು. ಅದನ್ನೇ ಆಧರಿಸಿದ ಚಿತ್ರಮಾಲೆ 2021ರ ಕ್ರಿಸ್ಮಸ್ ದಿನ ನೆಟ್‌ಫ್ಲಿಕ್ಸ್‌ನಲ್ಲಿ ಪ್ರಸಾರವಾಯಿತು. ಅಲ್ಲಿ ಕಥೆ ಹೇಳಿದವರು 70 ದಾಟಿದವರು, ಕ್ಯಾಮೆರಾ ಹಿಡಿದವರು 30ರ ಒಳಗಿನವರು. ಪ್ರಸಿದ್ಧ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯವರನ್ನು ಪ್ರಶ್ನಿಸಿದ್ದು ಅವರ ಮಗಳೇ. ಜೀವನವಿಡೀ ಬೇರೆಯವರನ್ನು ಚಿತ್ರಿಸಿದವರು ಮಗಳ ಎದುರು ಉತ್ತರ ಹೇಳುತ್ತ ಕುಳಿತರು.

ಕ್ಯಾಮೆರಾ, ನೆಟ್‌ಫ್ಲಿಕ್ಸ್ ನಮ್ಮ ಕೈಗೆ ಎಟುಕದು ಎನ್ನಬೇಡಿ. ನಮ್ಮ ಮಕ್ಕಳ ಜೇಬಿನಲ್ಲಿ ಇರುವ ಮೊಬೈಲೇ ಧಾರಾಳ ಸಾಕು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು. ಲತೀನ್ ಭಾಷೆಯ ಪೂಜೆಗೆ ಉತ್ತರ ಹೇಳಿದ ಬಾಲಕರು ಇಂದು ಎಪ್ಪತ್ತು ದಾಟಿದ್ದಾರೆ. ಅವರ ನೆನಪಿನಲ್ಲಿರುವ ಹಾಡುಗಳು, ತಪಸ್ಸುಕಾಲದ ಪದ್ಧತಿಗಳು, ಗುಡಿ ಕಟ್ಟಲು ಕಲ್ಲು ಎಲ್ಲಿಂದ ಬಂತು, ಬರಗಾಲದಲ್ಲಿ ಯಾವ ಬಾವಿ ಊರನ್ನು ಕಾಪಾಡಿತು ಎಂಬ ಸಂಗತಿಗಳು ಯಾವ ದಾಖಲೆ ಪುಸ್ತಕದಲ್ಲಿಯೂ ಇಲ್ಲ. ಒಂದೊಂದು ಶವಸಂಸ್ಕಾರದೊಡನೆ ಅದರ ಒಂದೊಂದು ಪುಟ ಮಣ್ಣಿಗೆ ಸೇರುತ್ತಿದೆ.

ಇನ್ನೊಂದು ವಿಷಯ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಎಷ್ಟೋ ಮಕ್ಕಳಿಗೆ ಅಜ್ಜನ ಕೈಬರಹದ ಕನ್ನಡ ಪತ್ರ ಓದಲು ಬರುವುದಿಲ್ಲ. ಅಜ್ಜನಿಗೆ ಅಕ್ಷರ ಗೊತ್ತು, ಕಣ್ಣು ಸಾಲದು. ಮಗು ಪತ್ರದ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಲಿ, ಅಜ್ಜ ಓದಲಿ, ಮಗು ಬರೆದುಕೊಳ್ಳಲಿ. ತಪ್ಪಿದಲ್ಲಿ ಅಜ್ಜ ತಿದ್ದಲಿ. ಅದೇ ಕೂಟದಲ್ಲಿ ಹಣ ಕಳಿಸುವುದು, ಮೋಸದ ಕರೆಗಳನ್ನು ಗುರುತಿಸುವುದು ಇವನ್ನೆಲ್ಲ ಮಗು ಅಜ್ಜಿಗೆ ಕಲಿಸಬಹುದು.

ನಮ್ಮ ಸಲಹೆ ಇಷ್ಟೇ. ಈ ತಿಂಗಳು ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಹಿರಿಯರು ಸೇರಿ ನಾಲ್ವರ ಗುಂಪುಗಳಾಗೋಣ. ಸ್ವಂತ ಮೊಮ್ಮಕ್ಕಳು ಒಂದೇ ಗುಂಪಿನಲ್ಲಿ ಬೇಡ. ಮನೆಯವರಾದರೆ ಕೆಲಸಕ್ಕಿಂತ ಗದರಿಕೆ ಹೆಚ್ಚಾದೀತು! ಹಿರಿಯರು 'ನಮ್ಮ ಕಾಲದಲ್ಲಿ' ಎಂದು ಉಪದೇಶ ಶುರುಮಾಡುವ ಮುನ್ನ ಮಕ್ಕಳ ಪ್ರಶ್ನೆ ಮುಗಿಯಲು ಬಿಡಲಿ. ಮಕ್ಕಳು ಅಜ್ಜಿ ಅದೇ ಕಥೆಯನ್ನು ಎರಡನೇ ಸಲ ಹೇಳಿದರೂ ಕೇಳಲಿ. ಎರಡನೇ ಸಲ ಹೊಸ ಹೆಸರೊಂದು ಹೊರಬರುವುದುಂಟು. ನಡೆಯಲಾಗದವರ ಮನೆಗೆ ಗುಂಪೇ ಹೋಗಲಿ. ಬರೆದದ್ದೆಲ್ಲ ಕ್ರಿಸ್ಮಸ್ ಹೊತ್ತಿಗೆ ಗೋದಲಿಯ ಪಕ್ಕದ ಮೇಜಿನ ಮೇಲೆ ಇರಲಿ, ಊರವರೆಲ್ಲ ಓದಲಿ.

ಮುಂದಿನ ಭಾನುವಾರ ಎರಡನೇ ಬಲಿಪೂಜೆಯ ನಂತರ ಸಭಾಂಗಣದಲ್ಲಿ ಹೆಸರು ಬರೆದುಕೊಳ್ಳುತ್ತೇವೆ. ನೋಟ್ ಪುಸ್ತಕಗಳನ್ನು ನಾವೇ ಇಟ್ಟಿರುತ್ತೇವೆ. ಮಕ್ಕಳು ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ, ಹಿರಿಯರು ಕನ್ನಡಕ ಮರೆಯದೆ ತನ್ನಿ.