ಆಟದಂಗಳದಲ್ಲಿ ದಾನದ ಪಾಠ



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ದೇವಾಲಯದ ಗೋಡೆ ಗೋಪುರಗಳನ್ನು ಕಣ್ತುಂಬ ನೋಡಿ ಸಂತೋಷಪಡುವುದು ಸಹಜವೇ. ಇದನ್ನು ಉಳಿಸಿಕೊಟ್ಟದ್ದು ನಮ್ಮ ಹಿರಿಯರ ಕೊಡುವ ಗುಣ. ಆ ಗುಣವನ್ನು ನಮ್ಮ ಮಕ್ಕಳಿಗೆ ದಾಟಿಸದೆ ಹೋದರೆ ಮುಂದಿನ ನೂರು ವರ್ಷಗಳಲ್ಲಿ ಕಟ್ಟಡ ಉಳಿದೀತು, ಅದರೊಳಗಿನ ಕುಟುಂಬ ಉಳಿಯಲಾರದು. ಆದುದರಿಂದ ಮಕ್ಕಳಿಗೆ ಪರೋಪಕಾರವನ್ನು ಕಲಿಸುವ ಬಗೆ ಯಾವುದು ಎಂಬುದನ್ನು ಇಂದು ವಿಚಾರ ಮಾಡೋಣ.

ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ತಟ್ಟೆ ಬರುವಾಗ ತಂದೆ ಜೇಬಿನಿಂದ ನಾಣ್ಯ ತೆಗೆದು ಮಗುವಿನ ಅಂಗೈಯಲ್ಲಿಡುತ್ತಾನೆ. ಮಗು ಅದನ್ನು ತಟ್ಟೆಗೆ ಹಾಕುತ್ತದೆ. ಒಳ್ಳೆಯ ಪದ್ಧತಿಯೇ ಸರಿ. ಆದರೆ ಆ ಕಾಣಿಕೆ ತಂದೆಯದು. ಮಗುವಿನದು ಹಾಕಿದ ಕೈ ಮಾತ್ರ. ಹಾಗಾದರೆ ಮಗುವಿಗೆ ತನ್ನದೆಂದು ಏನಿದೆ? ಅದರ ಕಾಲಿನ ವೇಗವಿದೆ, ತೋಳಿನ ಬಲವಿದೆ, ಆಟದ ಸರದಿಯಿದೆ, ಗೆಲ್ಲಬೇಕೆಂಬ ಆಸೆಯಿದೆ. ಇವೇ ಮಗುವಿನ ಆಸ್ತಿ. ಇವುಗಳನ್ನು ಇನ್ನೊಬ್ಬರಿಗಾಗಿ ಬಿಟ್ಟುಕೊಡಲು ಕಲಿತ ಮಗು ಮುಂದೆ ಹಣವನ್ನೂ ಬಿಟ್ಟುಕೊಡಬಲ್ಲದು. ಈ ಕಲಿಕೆಗೆ ಆಟದ ಅಂಗಳಕ್ಕಿಂತ ಉತ್ತಮವಾದ ಶಾಲೆಯಿಲ್ಲ.

ಈ ಸತ್ಯವನ್ನು ಸಂತ ಜಾನ್ ಬೋಸ್ಕೊ ಅವರು ಚೆನ್ನಾಗಿ ಅರಿತಿದ್ದರು. ಇಟಲಿಯ ಬೆಕ್ಕಿ ಎಂಬ ಹಳ್ಳಿಯಲ್ಲಿ 1815ರಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸಂತೆಯ ದೊಂಬರನ್ನು ನೋಡಿ ಹಗ್ಗದ ಮೇಲೆ ನಡೆಯುವುದನ್ನೂ ಕೈಚಳಕವನ್ನೂ ಕಲಿತು, ಹುಲ್ಲುಗಾವಲಿನಲ್ಲಿ ಊರವರನ್ನು ಸೇರಿಸಿ ಆಟ ತೋರಿಸುತ್ತಿದ್ದರು. ನೋಡಿದವರು ತೆರಬೇಕಾದ ಶುಲ್ಕ ಜಪಮಾಲೆಯ ಪ್ರಾರ್ಥನೆ! 1841ರಲ್ಲಿ ಗುರುದೀಕ್ಷೆ ಪಡೆದ ಮೇಲೆ ಟ್ಯೂರಿನ್ ನಗರದಲ್ಲಿ ಗಾರೆ ಕೆಲಸಕ್ಕೂ ಕಲ್ಲು ಕೆಲಸಕ್ಕೂ ಬಂದ ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು, ಪ್ರಾರ್ಥನೆ ಮತ್ತು ಪಾಠಗಳ ಜೊತೆಗೆ ಆಟಕ್ಕೂ ಸ್ಥಾನ ಕೊಟ್ಟರು. ಗುರುಗಳೇ ಹುಡುಗರ ಸಂಗಡ ಓಡುತ್ತಿದ್ದರು.

ಆ ಆಟದ ಫಲ ಕಂಡದ್ದು 1854ರಲ್ಲಿ. ಆ ಬೇಸಿಗೆಯಲ್ಲಿ ಟ್ಯೂರಿನ್ ನಗರಕ್ಕೆ ಕಾಲರಾ ಬಡಿಯಿತು. ರೋಗಿಗಳನ್ನು ಮುಟ್ಟಲು ಜನ ಹೆದರುತ್ತಿದ್ದ ಕಾಲದಲ್ಲಿ ಬೋಸ್ಕೊ ಅವರ ಕರೆಗೆ 44 ಮಂದಿ ಹುಡುಗರು ಓಗೊಟ್ಟರು. ರೋಗಿಗಳನ್ನು ಹುಡುಕಿದರು, ಹೊತ್ತು ಸಾಗಿಸಿದರು, ಶುಶ್ರೂಷೆ ಮಾಡಿದರು. ಮನೆಯಲ್ಲಿದ್ದ ಹೊದಿಕೆ ಬಟ್ಟೆಗಳನ್ನೆಲ್ಲಾ ಕೊಟ್ಟು ಮುಗಿದಾಗ ಬೋಸ್ಕೊ ಅವರ ತಾಯಿ ಮಾರ್ಗರೀತಾ ಪೀಠದ ವಸ್ತ್ರವನ್ನೂ ಕೊಟ್ಟರೆಂದು ಅವರ ಚರಿತ್ರೆ ಹೇಳುತ್ತದೆ. ಆ ಹುಡುಗರಲ್ಲಿ ಒಬ್ಬರಿಗೂ ರೋಗ ತಗಲಲಿಲ್ಲವೆಂದೂ ಅದೇ ಚರಿತ್ರೆ ತಿಳಿಸುತ್ತದೆ. ಜೇಬಿನಲ್ಲಿ ಕಾಸಿಲ್ಲದ ಬಡ ಹುಡುಗರು ತಮ್ಮ ತೋಳನ್ನೂ ಪ್ರಾಣವನ್ನೂ ನೀಡಲು ಮುಂದಾದುದು ಒಂದು ದಿನದ ಉಪದೇಶದಿಂದಲ್ಲ. ಅಂಗಳದಲ್ಲಿ ಪ್ರತಿದಿನ ಒಬ್ಬರಿಗೊಬ್ಬರು ಆಗಿ ಬೆಳೆದುದರಿಂದ.

ಫ್ರಾನ್ಸಿನ ಧರ್ಮಾಧ್ಯಕ್ಷ ಫೋರ್ಬಿನ್ ಜಾನ್ಸನ್ ಅವರು 1843ರಲ್ಲಿ ಸ್ಥಾಪಿಸಿದ ಪವಿತ್ರ ಬಾಲ್ಯ ಸಂಘವೂ ಇದೇ ಮಾತನ್ನು ಸಾರುತ್ತದೆ. ದಿನಕ್ಕೊಂದು ನಮೋ ಮರಿಯ ಪ್ರಾರ್ಥನೆ, ತಿಂಗಳಿಗೊಂದು ಸಣ್ಣ ನಾಣ್ಯ. ಅವರು ಮಕ್ಕಳಿಂದ ಕೇಳಿದ್ದು ಇಷ್ಟೇ. ಮಕ್ಕಳು ಮಕ್ಕಳಿಗೆ ನೆರವಾಗಬೇಕೆಂಬುದೇ ಅದರ ತಿರುಳು. ಕಾಣಿಕೆ ಚಿಕ್ಕದಾಗಿದ್ದುದರಿಂದಲೇ ಬಡಮಕ್ಕಳೂ ತಲೆಯೆತ್ತಿ ಕೊಡುವಂತಾಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಯಾವ ತರಗತಿ ಹೆಚ್ಚು ಹಣ ಕೂಡಿಸಿತು ಎಂದು ಸ್ಪರ್ಧೆಯೊಡ್ಡಿ ಬಹುಮಾನ ಕೊಡುವ ರೂಢಿ ಕೆಲವೆಡೆ ಇದೆ. ಅಲ್ಲಿ ಗೆಲ್ಲುವುದು ತಂದೆಯ ಸಂಬಳ. ನಾಚಿ ತಲೆತಗ್ಗಿಸುವುದು ಕೂಲಿಕಾರನ ಮಗು. ವಿಧವೆಯ ಎರಡು ಕಾಸನ್ನು ಪ್ರಭು ಹೇಗೆ ಎಣಿಸಿದರೆಂಬುದನ್ನು ಬಲ್ಲ ನಮಗೆ ಈ ರೂಢಿ ತರವಲ್ಲ.

ಅದರ ಬದಲು ಒಂದು ಆಟವನ್ನು ಸೂಚಿಸುತ್ತೇವೆ. ನಮ್ಮ ನಾಡಿನಲ್ಲಿ ಹಿಡಿ ಅಕ್ಕಿ ಎತ್ತಿಡುವ ಪದ್ಧತಿ ಹಳೆಯದು. ತಪಸ್ಸುಕಾಲದ ಭಾನುವಾರಗಳಲ್ಲಿ, ತಿಂಡಿಯ ಆಸೆ ಬಿಟ್ಟು ಉಳಿಸಿದ ಕಾಸಿಗೆ ಬದಲಾಗಿ ಮಗು ಮನೆಯಿಂದ ಒಂದು ಹಿಡಿ ಅಕ್ಕಿ ತರಲಿ. ಇಲ್ಲದ ಮನೆಯ ಮಗು ಬರಿಗೈಯಲ್ಲಿಯೇ ಬರಲಿ. ಬಂದ ಅಕ್ಕಿಯೆಲ್ಲಾ ಯಾರಿಗೂ ತಿಳಿಯದಂತೆ ಒಂದೇ ಚೀಲ ಸೇರಲಿ. ಅನಂತರ ಮಕ್ಕಳು ತಂಡಗಳಾಗಿ, ಚೀಲದಿಂದ ಹಿಡಿ ತುಂಬಿಕೊಂಡು ಅಂಗಳದ ಆಚೆ ತುದಿಯ ಪಾತ್ರೆಗೆ ಓಡಲಿ. ಅಕ್ಕಿ ಚೆಲ್ಲಿದರೆ ತಂಡವೆಲ್ಲ ನಿಂತು ಆಯಬೇಕು. ಮೊದಲು ಮುಟ್ಟಿದವನು ಹಿಂದಿರುಗಿ ಕೊನೆಯವನ ಕೈಹಿಡಿದು ತರಬೇಕು. ಕೊನೆಯವನು ಮುಟ್ಟಿದಾಗಲೇ ಆ ತಂಡದ ಆಟ ಮುಗಿಯಿತು. ಕಡೆಗೆ ಮಕ್ಕಳೇ ಆ ಪಾತ್ರೆಯನ್ನು ಹೊತ್ತು, ಒಂಟಿಯಾಗಿರುವ ಅಜ್ಜ ಅಜ್ಜಿಯರ ಮನೆಗೆ ಮುಟ್ಟಿಸಿ, ಸ್ವಲ್ಪ ಹೊತ್ತು ಅವರೊಡನೆ ಕುಳಿತು ಬರಲಿ. ಯಾರ ಹೆಸರನ್ನೂ ಪೀಠದಿಂದ ಸಾರುವುದು ಬೇಡ. ವೇಗಶಾಲಿ ತನ್ನ ವೇಗವನ್ನು ನಿಧಾನಿಗೆ ಕೊಟ್ಟನಲ್ಲ, ಅಂದಿನ ಜ್ಞಾನೋಪದೇಶ ಅದೇ.

ತಂದೆತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಪೂಜೆ ಮುಗಿದೊಡನೆ ಅಂಗಳದಲ್ಲಿರುವ ಮಗುವನ್ನು ಕಾಲಹರಣವೆಂದು ಗದರಿಸಿ ಎಳೆದೊಯ್ಯಬೇಡಿರಿ. ಮನೆಗೆ ಬಂದ ಮಗುವನ್ನು ಗೆದ್ದೆಯಾ ಎಂದು ಕೇಳುವ ಮೊದಲು, ಯಾರಿಗೆ ಕೈಕೊಟ್ಟು ಎಬ್ಬಿಸಿದೆ ಎಂದು ಕೇಳಿರಿ.

ದೇವರು ಪುನಃ ಕಟ್ಟಲಿರುವ ಜೆರುಸಲೇಮನ್ನು ವರ್ಣಿಸುವಾಗ ಪ್ರವಾದಿ ಜೆಕರ್ಯರು, ಕೋಲೂರಿದ ವೃದ್ಧರು ನೆಮ್ಮದಿಯಿಂದ ಕುಳಿತ ಬೀದಿಗಳನ್ನೂ ಅಲ್ಲಿ ಆಡುವ ಬಾಲಕ ಬಾಲಕಿಯರನ್ನೂ ಒಂದೆಡೆ ಕಾಣುತ್ತಾರೆ. ನಮ್ಮ ದೇವಾಲಯದ ಅಂಗಳವೂ ಅಂತಹ ಬೀದಿಯಾಗಲಿ. ಪ್ರಭುವಿನ ಕೃಪೆಯೂ ಮಾತೆ ಮರಿಯಳ ರಕ್ಷಣೆಯೂ ನಿಮ್ಮೆಲ್ಲರ ಮೇಲಿರಲಿ.