ಡೋಣಿ ದಂಡೆಯ ಚಳಿಗಾಲ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಸಂಘದ ಸಭೆಗಳಲ್ಲಿ ಮೂವತ್ತು ವರ್ಷ ಕೆಳಗೆ ಕುಳಿತು ಭಾಷಣ ಕೇಳಿದವರು ನಾವು. ಮೇಲೆ ನಿಂತು ಮಾತನಾಡಿ ಅಭ್ಯಾಸವಿಲ್ಲ. ಆದ್ದರಿಂದ ಮನೆಯಲ್ಲಿಯೇ ಬರೆದುಕೊಂಡು ಬಂದಿದ್ದೇವೆ. ಬರೆದ ಕೈ ಯಜಮಾನರದು, ತಿದ್ದಿದ ಕೈ ಯಜಮಾನಿಯದು. ಹೀಗಾಗಿ ‘ನಾನು’ ಎಂಬ ಪದ ಇದರಲ್ಲಿ ಉಳಿಯಲಿಲ್ಲ.

೨೦೧೮ರಲ್ಲಿ ಪಿಂಪರಿಯ ಕಾರಖಾನೆಯ ನೌಕರಿ ಮುಗಿದ ಮೇಲೆ ನಾವಿಬ್ಬರೂ ನಮ್ಮ ಹಳ್ಳಿಗೆ ಹೋಗಿ ನೆಲೆಸಿದೆವು. ಹಿರಿಯರ ಮನೆ, ಡೋಣಿ ಹೊಳೆಯ ದಂಡೆಗೆ ಆರು ಎಕರೆ ಎರೆ ಹೊಲ. ೧೯೫೬ರ ನವೆಂಬರ ಒಂದರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ೨೦೧೪ರ ನವೆಂಬರ ಒಂದಕ್ಕೆ ಬಿಜಾಪುರ ಹೋಗಿ ವಿಜಯಪುರವಾಯಿತು. ನಮ್ಮೂರ ಮುದುಕಿಯರಿಗೆ ಮಾತ್ರ ಅದು ಅಂದಿಗೂ ಇಂದಿಗೂ ‘ಇಜಾಪುರ’ವೇ.

ಪುಣೆ ಬಿಡುವಾಗ ನಿಮ್ಮಲ್ಲಿ ಅನೇಕರು ಕೇಳಿದ್ದ ಪ್ರಶ್ನೆ ಒಂದೇ: “ಅಲ್ಲಿ ವೇಳೆ ಹೇಗೆ ಕಳೆಯುತ್ತೀರಿ?” ಬೇಸಿಗೆಯ ಮಾತು ಬೇಡ; ಆಗ ನಮ್ಮ ಕಡೆಯವರು ವೇಳೆಯನ್ನಲ್ಲ, ಬಿಸಿಲನ್ನು ಕಳೆಯುತ್ತಾರೆ. ಚಳಿಗಾಲದ ಮಟ್ಟಿಗೆ ಉತ್ತರ ಹೇಳುತ್ತೇವೆ.

ನಮ್ಮಲ್ಲಿ ಚಳಿಗಾಲವೆಂದರೆ ಹಿಂಗಾರಿ. ಸೆಪ್ಟೆಂಬರ ಅಕ್ಟೋಬರದ ಹದ ನೋಡಿ ಬಿಳಿಜೋಳ ಬಿತ್ತುತ್ತೇವೆ. ಆ ಮೇಲೆ ಮಳೆಯನ್ನು ನಂಬುವಂತಿಲ್ಲ. ಎರೆ ಮಣ್ಣು ಕುಡಿದಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆ ನಾಲ್ಕು ತಿಂಗಳು ನಿಲ್ಲಬೇಕು. ನೆಲ ಆರಿದಂತೆ ಬಿರುಕು ಬಿಡುತ್ತದೆ, ಬಿರುಕಿನಿಂದ ಹಸಿ ಹಾರುತ್ತದೆ. ಎಡೆಕುಂಟೆ ಹೊಡೆದು, ಮೇಲಿನ ಮಣ್ಣು ಸಡಿಲಿಸಿ, ಬಿರುಕು ಮುಚ್ಚಿದವನಿಗೆ ಜೋಳ. ಮುಚ್ಚದವನಿಗೆ ಬರಿ ಕಣಿಕೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಗಾದೆಯುಂಟು. ಬೆಳೆಯದಿದ್ದರೆ ಏನೆಂಬುದನ್ನು ಗಾದೆ ಹೇಳುವುದಿಲ್ಲ.

ಪುಷ್ಯಮಾಸದ ನಸುಕು ಬಲು ಕಠಿಣ. ಕೆಲವು ದಿನ ಹತ್ತು ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಮೊದಲು ಎದ್ದವರು ಒಲೆ ಹಚ್ಚಬೇಕೆಂದು ನಮ್ಮಲ್ಲಿ ಒಪ್ಪಂದವಿದೆ. ಆದ್ದರಿಂದ ಇಬ್ಬರೂ ಎಚ್ಚರವಾಗಿಯೇ ಕೌದಿಯೊಳಗೆ ನಿದ್ದೆಯ ಸೋಗು ಹಾಕುತ್ತೇವೆ. ಎಮ್ಮೆ ಕೂಗಿದ ಮೇಲೆ ಯಾರಾದರೊಬ್ಬರು ಸೋಲುವರು. ಆ ಕೌದಿಗಳೆಲ್ಲ ಪುಣೆಯಲ್ಲಿ ಉಟ್ಟು ಹಳತಾದ ಸೀರೆಗಳಿಂದ ಹೊಲಿದವು. ಮಗನ ತೊಟ್ಟಿಲಿಗೆ ಉಟ್ಟ ಹಸಿರು ಸೀರೆ ಈಗ ನಮ್ಮ ಕಾಲ ಬದಿಗಿದೆ. ಮನೆಯಲ್ಲಿ ಗ್ಯಾಸ್ ಇದೆ. ಆದರೂ ಸ್ನಾನದ ನೀರಿಗೆ ತೊಗರಿ ಕಟ್ಟಿಗೆಯೇ ಆಗಬೇಕು, ಅದರ ಉರಿಗೆ ಮೈ ಕಾಯಿಸುವ ಸುಖ ಸಿಲಿಂಡರಿನಲ್ಲಿ ಎಲ್ಲಿ ಬರಬೇಕು?

ಜೋಳದ ಪಕ್ಕಕ್ಕೆ ಸ್ವಲ್ಪ ಕಡಲೆ ಹಾಕುತ್ತೇವೆ. ರಾತ್ರಿ ಕಡಲೆಯ ಗಿಡಗಳ ಮೇಲೆ ಯಜಮಾನಿ ಒಗೆದ ಹಳೆಯ ಧೋತರ ಹಾಸಿ ಬರುವರು. ಬೆಳಗಿಗೆ ಅದು ಇಬ್ಬನಿಯಲ್ಲಿ ತೊಯ್ದು, ಎಲೆಯ ಹುಳಿಯನ್ನು ಹೀರಿರುತ್ತದೆ. ಹಿಂಡಿ ಸೀಸೆಯಲ್ಲಿ ತುಂಬಿಟ್ಟರೆ ಹೊಟ್ಟೆನೋವಿಗೆ ವರ್ಷವಿಡೀ ಔಷಧ. ಓಣಿಯವರೆಲ್ಲ ಅದಕ್ಕೆ ಗಿರಾಕಿಗಳು; ಹಣ ಕೊಡುವವರು ಮಾತ್ರ ಯಾರೂ ಇಲ್ಲ.

ತೆನೆಯಲ್ಲಿ ಹಾಲು ತುಂಬಿತೆಂದರೆ ಹಕ್ಕಿ ಕಾಯುವ ಕೆಲಸ. ಯಜಮಾನರು ಅಟ್ಟಣಿಗೆ ಏರಿ ಕವಣೆ ಬೀಸುತ್ತಾರೆ. ಅವರ ಕಲ್ಲಿಗೆ ಗಿಳಿಗಳು ಹೆದರುವುದಿಲ್ಲ, ಪಕ್ಕದ ಹೊಲದವರು ಹೆದರುತ್ತಾರೆ. (ಈ ವಾಕ್ಯ ತಿದ್ದುವಾಗ ಸೇರಿದ್ದು.)

ಇಷ್ಟೇ ಆಗಿದ್ದರೆ ನಮ್ಮದು ಸುಖದ ಕಥೆಯೆಂದು ಹೇಳಿ ಕುಳಿತುಬಿಡಬಹುದಿತ್ತು. ಕಳೆದ ಚಳಿಗಾಲ ಹಾಗಿರಲಿಲ್ಲ.

೨೦೨೪ರ ಡಿಸೆಂಬರ ೩೦, ಸೋಮವಾರ ಎಳ್ಳಮವಾಸ್ಯೆ. ನಸುಕಿನಲ್ಲಿಯೇ ತಲೆಗೆ ಸ್ನಾನ ಮಾಡಿ, ಸಜ್ಜಿ ರೊಟ್ಟಿ, ಕಡುಬು, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ನೆರೆಹೊರೆಯವರೊಡನೆ ಕುಳಿತು ಉಂಡೆವು. ಆ ದಿನದ ಥಂಡಿ ಯಜಮಾನಿಯ ಎದೆಗೆ ಹತ್ತಿತು. ಸಂಕ್ರಾಂತಿಗೆ ಅವರು ವಿಜಯಪುರದ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಊರೆಲ್ಲ ಸಿದ್ಧೇಶ್ವರ ಜಾತ್ರೆಯ ಗದ್ದಲ. ನಮಗೆ ನ್ಯುಮೋನಿಯಾ, ಒಂಬತ್ತು ದಿನ.

ಮಗ ಪುಣೆಯಿಂದ ಓಡಿ ಬಂದ. “ಅವ್ವಾ, ಇನ್ನ ಸಾಕು. ಇಬ್ಬರೂ ಪುಣೆಗೆ ನಡೀರಿ. ಹೊಲ ಲಾವಣಿಗೆ ಹಾಕೋಣು, ಇಲ್ಲಾ ಮಾರಿಬಿಡೋಣು” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಿಜ ಹೇಳಬೇಕೆಂದರೆ ಆ ಒಂಬತ್ತು ದಿನ ನಮ್ಮಲ್ಲಿ ‘ನಾವು’ ಎಂಬುದು ಎರಡಾಗಿತ್ತು. ಯಜಮಾನರು ಹೆದರಿಬಿಟ್ಟಿದ್ದರು, ಮಗನಿಗೆ ಹೂಂ ಎಂದಿದ್ದರು. ಯಜಮಾನಿಗೆ ಅದನ್ನು ಹೇಳುವ ಧೈರ್ಯವಾಗಲಿಲ್ಲ, ಅಷ್ಟೇ.

ಸೀತನಿಯ ಕಾಲ ಅದು. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ತೂರಿ, ಬೆಲ್ಲವೋ ಶೇಂಗಾ ಚಟ್ನಿಯೋ ಕೂಡಿಸಿ ತಿನ್ನುವುದನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ನೆರೆಮನೆಯ ಹುಡುಗ ನಮ್ಮ ಹೊಲದ್ದೇ ಸೀತನಿ ಒಂದು ಅರಿವೆಯಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ತಂದ. ಯಜಮಾನಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. “ರುಚಿ ಏನೂ ತಿಳೀವಲ್ದು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಾಳು ಗಟ್ಟಿ ಆಗಾಕ ಹತ್ತೇದ. ಹಕ್ಕಿ ಯಾರು ಕಾಯಾಕ ಹತ್ಯಾರ್ರಿ?” ಎಂದು ಕೇಳಿದರು. ಯಜಮಾನರು ಮಗನ ಮುಖ ನೋಡಿದರು. ರಾಶಿಯಾಗುವವರೆಗೆ ಪುಣೆಯ ಮಾತು ಬೇಡವೆಂದು ಅಲ್ಲಿಯೇ ಇತ್ಯರ್ಥವಾಯಿತು.

ಹಕ್ಕಿ ಕಾದವರು ಆ ಹುಡುಗ ಮತ್ತು ಅವನ ಗೆಳೆಯರು. ಶಾಲೆಯ ವೇಳೆ ಬಿಟ್ಟು ಉಳಿದ ಹೊತ್ತು ಕಾದರು. ಶಾಲೆಯ ವೇಳೆಯಲ್ಲಿ ಗಿಳಿಗಳು ಉಂಡವು. ಫೆಬ್ರುವರಿ ಕೊನೆಗೆ ಜೋಳ ಕೀಳಬೇಕು, ಆಳು ಸಿಗದು. ನಮ್ಮ ಭಾಗದಲ್ಲಿ ಅನೇಕರು ಜೋಳ ಬಿಟ್ಟು ತೊಗರಿಗೆ, ಕಬ್ಬಿಗೆ, ಇಂಡಿಯ ಕಡೆ ಲಿಂಬೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಬೇರುಸಹಿತ ಕೀಳುವ ಆ ಕೆಲಸ ಅಂಗೈ ಸುಲಿಯುವಂಥದು. ಒಂದು ದಿನ ಬೆಳಿಗ್ಗೆ ನೆರೆಹೊಲದ ಏಳು ಜನ ತಾವಾಗಿಯೇ ಬಂದು ಸಾಲು ಹಿಡಿದರು. “ಕಾಕಾರ, ಮುಯ್ಯಾಳು ಅಂತ ತಿಳೀರಿ” ಎಂದರು.

ಮುಯ್ಯಿ ತೀರಿಸಬೇಕಲ್ಲ! ಅರವತ್ತೇಳರ ಯಜಮಾನರು ಕೀಳಲು ಹೋದರೆ ಸಾಲು ತಪ್ಪುತ್ತದೆಂದು ಅವರೇ ಬೇಡವೆಂದರು. ಬೆಳೆವಿಮೆಯ ಅರ್ಜಿ, ಬ್ಯಾಂಕಿನ ಕಾಗದ, ಹುಡುಗರ ಗಣಿತ, ಹೀಗೆ ತೀರಿಸುತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ ಏಳರಲ್ಲಿ ಇನ್ನೂ ಮೂವರದು ಬಾಕಿ. ಆರು ಎಕರೆಗೆ ಹದಿನೆಂಟು ಚೀಲ ಜೋಳವಾಯಿತು. ಒಂದು ಚೀಲ ಮಗನ ಮನೆಗೆ ಬಂದಿದೆ.

ಅವನೊಡನೆ ಮಾತು ಇನ್ನೂ ಮುಗಿದಿಲ್ಲ. ಈ ಸಲ ಎಳ್ಳಮವಾಸ್ಯೆಯಿಂದ ಸಂಕ್ರಾಂತಿಯವರೆಗೆ ಅವನು ಹೆಂಡತಿ ಮಗನೊಡನೆ ಊರಿನಲ್ಲಿ ಇರುತ್ತಾನೆ. ಯಜಮಾನಿ ನಸುಕಿನಲ್ಲಿ ಹೊರಗೆ ಕಾಲಿಡಬಾರದು. ಇವು ಅವನ ಕರಾರು. ಒಪ್ಪಿದ್ದೇವೆ. ಧೋತರ ಹಾಸುವ ಕೆಲಸ ಮೊಮ್ಮಗನಿಗೆ ಹೋಗಿದೆ. ಕಡಲೆಯ ಗಿಡ ಯಾವುದೆಂದು ಅವನಿಗೆ ಇನ್ನು ತೋರಿಸಬೇಕು. ಬರುವ ವರ್ಷದ ಮಾತು ಬರುವ ವರ್ಷಕ್ಕೆ.

ಈ ಸಲ ಬಿತ್ತನೆ ತುಸು ತಡವಾಗಿದೆ. ಮೊದಲನೆಯ ಎಡೆ ಹೊಡೆಯುವುದು ಬಾಕಿ, ಎಮ್ಮೆಯನ್ನು ನೆರೆಮನೆಯಲ್ಲಿ ಕಟ್ಟಿ ಬಂದಿದ್ದೇವೆ. ಆದ್ದರಿಂದ ಇಂದಿನ ರಾತ್ರಿಯ ಬಸ್ಸಿಗೇ ಹೊರಡಬೇಕು. ಸೀತನಿಗೆ ಬರಬೇಕೆನ್ನುವವರು ಎಂಟು ದಿನ ಮೊದಲು ತಿಳಿಸಿರಿ. ಮನೆಯಲ್ಲಿ ಕೌದಿ ಏಳು ಇವೆ. ಅವುಗಳಲ್ಲಿ ಎರಡು ನಮ್ಮವು.